ಸಕಲೇಶಪುರದ ತೋಟದ ಹಳ್ಳ ದಾಟಲು ಥಾರ್‌ಗೆ ಸ್ನಾರ್ಕೆಲ್ ಬೇಕೇ?

ಹಾನಬಾಳು ತೋಟ:

ಎಲ್ಲರಿಗೂ ನಮಸ್ಕಾರ. ನಮ್ಮ ಕಾಫಿ ತೋಟ ಸಕಲೇಶಪುರ ತಾಲ್ಲೂಕಿನ ಹಾನಬಾಳು ಹೋಬಳಿಯಲ್ಲಿದೆ. ಡಾಂಬರು ರಸ್ತೆಯಿಂದ ಮನೆಗೆ ಬರುವ ದಾರಿಯಲ್ಲಿ ಒಂದು ಹಳ್ಳವಿದ್ದು, ಅದಕ್ಕೆ ಸೇತುವೆಯಿಲ್ಲ. ಆರಿದ್ರಾ ಮಳೆಯವರೆಗೆ ನೀರು ಚಕ್ರದ ಅರ್ಧಕ್ಕಿಂತ ಕೆಳಗೇ ಇರುತ್ತದೆ. ಪುಷ್ಯ, ಆಶ್ಲೇಷಾ ಮಳೆಗಳಲ್ಲಿ ಮಾತ್ರ ಬಂಪರ್ ಮುಟ್ಟುವಷ್ಟು ಏರಿ, ಕೆಲವು ತಾಸುಗಳಲ್ಲಿ ಇಳಿಯುತ್ತದೆ. ನಮ್ಮಲ್ಲಿರುವುದು 2021ರ ಡೀಸೆಲ್ ಥಾರ್. ಮಳೆಗಾಲಕ್ಕೆ ಮೊದಲು ಸ್ನಾರ್ಕೆಲ್ ಹಾಕಿಸಿಕೊಂಡರೆ ನಿಶ್ಚಿಂತೆಯಿಂದ ದಾಟಬಹುದೆಂದು ಗ್ಯಾರೇಜಿನವರು ಹೇಳುತ್ತಾರೆ. ಅದಕ್ಕೆ ಮುಂದಿನ ಫೆಂಡರ್‌ಗೆ ತೂತು ಕೊರೆಯಬೇಕಂತೆ. ನಮ್ಮ ಮಳೆಯಲ್ಲಿ ಕೊರೆದ ತಗಡು ತುಕ್ಕು ಹಿಡಿಯದೆ ಎಷ್ಟು ವರ್ಷ ಉಳಿದೀತು ಎಂಬ ಅಳುಕಿದೆ. ಆರ್‌ಟಿಒ ಮತ್ತು ವಿಮೆಯ ತಕರಾರುಗಳೇನಾದರೂ ಇವೆಯೇ ಎಂಬುದೂ ತಿಳಿಯಬೇಕಾಗಿದೆ. ಬಳಸಿ ಅನುಭವವಿರುವವರು ದಯವಿಟ್ಟು ತಿಳಿಸಿ.

ಗೇರ್ ಆಯಿಲ್:

ಸ್ನಾರ್ಕೆಲ್ ಮಾಡುವ ಕೆಲಸ ಒಂದೇ: ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿಯನ್ನು ಬಾನೆಟ್‌ನ ಮಟ್ಟದಿಂದ ಮುಂಗಾಜಿನ ಮೇಲ್ತುದಿಯ ಮಟ್ಟಕ್ಕೆ ಏರಿಸುತ್ತದೆ. ಅದು ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ಗಾಳಿಯನ್ನು ಹದಿನೈದು ಹದಿನಾರು ಪಟ್ಟು ಒತ್ತುವ ಡೀಸೆಲ್ ಎಂಜಿನ್ನಿನ ಸಿಲಿಂಡರಿಗೆ ನೀರು ಹೊಕ್ಕರೆ, ನೀರು ಒತ್ತಿದರೂ ಕುಗ್ಗದ ವಸ್ತುವಾದ್ದರಿಂದ ಮೇಲೇರುವ ಪಿಸ್ಟನ್ ಅಲ್ಲಿಯೇ ತಡೆದು ನಿಂತು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಮೇಲೆ ಎಂಜಿನ್ ಬಿಚ್ಚುವುದೊಂದೇ ದಾರಿ. ಆದರೆ ನಿಮ್ಮ ಥಾರ್‌ಗೆ ಕಂಪನಿಯೇ 650 ಮಿಲಿಮೀಟರ್ ನೀರಿನ ಆಳವನ್ನು ಹೇಳಿದೆ. 18 ಇಂಚಿನ ಮೂಲ ಚಕ್ರಗಳಾದರೆ ಅವುಗಳ ನಡುಬಿಂದು ನೆಲದಿಂದ ಸುಮಾರು 390 ಮಿಲಿಮೀಟರ್ ಎತ್ತರದಲ್ಲಿರುತ್ತದೆ. ಎಂದರೆ ವರ್ಷದ ಹೆಚ್ಚಿನ ದಿನಗಳಲ್ಲಿ ನೀವು ಮಿತಿಯ ಒಳಗೇ ಇದ್ದೀರಿ. ಆ ನೀರಿನಲ್ಲಿ ನಿಧಾನವಾಗಿ, ಒಂದೇ ವೇಗದಲ್ಲಿ ಸಾಗಿದರೆ ಗಾಳಿಯ ಬಾಯಿಗೆ ಅಪಾಯವಿಲ್ಲ.

ಅದೇ ಆಳದಲ್ಲಿ ಹಾಳಾಗುವುದು ಬೇರೆ ಭಾಗಗಳು. ಏರುದಾರಿಯಲ್ಲಿ ದುಡಿದು ಬಿಸಿಯಾದ ಹೌಸಿಂಗ್ (ಎಡಬಲ ಚಕ್ರಗಳ ನಡುವಿನ ಡಿಫರೆನ್ಶಿಯಲ್ ಗೇರುಗಳನ್ನು ಆಯಿಲ್ ಸಮೇತ ಮುಚ್ಚಿರುವ ಡಬ್ಬಿ) ತಣ್ಣನೆಯ ಹಳ್ಳಕ್ಕಿಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಆ ಡಬ್ಬಿ ಉಸಿರಾಡುವ ಸಣ್ಣ ಕಿಂಡಿಯಾದ ಬ್ರೀದರ್ ನೀರಿನೊಳಗಿದ್ದರೆ ಅಥವಾ ಕೆಸರು ಕಟ್ಟಿಕೊಂಡಿದ್ದರೆ, ಆ ಎಳೆತಕ್ಕೆ ಬ್ರೀದರಿನಿಂದಲೋ ಆಯಿಲ್ ಸೀಲಿನ ಅಂಚಿನಿಂದಲೋ ನೀರು ಒಳಗೆ ಸೇರುತ್ತದೆ. ಮಳೆಗಾಲ ಮುಗಿದ ಮೇಲೆ ಆಯಿಲ್ ಇಳಿಸಿದರೆ ಅದು ಹಾಲು ಬೆರೆಸಿದ ಚಹಾದಂತೆ ಬರುತ್ತದೆ. ಅಷ್ಟರಲ್ಲಿ ಬೇರಿಂಗ್ ಸವೆದಿರುತ್ತದೆ. ಹೀಗಾಗಿ ಮೊದಲ ಖರ್ಚು ಬ್ರೀದರ್‌ಗಳಿಗಾಗಬೇಕು. ಹಿಂದಿನ, ಮುಂದಿನ ಎರಡು ಹೌಸಿಂಗ್, ಗೇರ್ ಬಾಕ್ಸ್ ಮತ್ತು ಹಿಂದಿನ ಮುಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್‌ಗಳ ಬ್ರೀದರ್‌ಗಳನ್ನು ಪರೀಕ್ಷಿಸಿ, ತಗ್ಗಿನಲ್ಲಿರುವವಕ್ಕೆ ಪೈಪು ಜೋಡಿಸಿ ಬಾನೆಟ್ ಒಳಗಿನ ಎತ್ತರದ ಜಾಗಕ್ಕೆ ಒಯ್ಯಿಸಿ. ಸ್ನಾರ್ಕೆಲ್‌ಗೆ ಹೋಲಿಸಿದರೆ ಇದರ ಖರ್ಚು ಅಲ್ಪ. ಯಾರಿಗೂ ಕಾಣದ ಕೆಲಸವಾದ್ದರಿಂದ ಗ್ಯಾರೇಜಿನವರು ಇದನ್ನು ತಾವಾಗಿ ಸೂಚಿಸುವುದು ಕಡಿಮೆ.

ಇಷ್ಟಾದ ಮೇಲೂ ಸ್ನಾರ್ಕೆಲ್ ಹಾಕಿಸುವುದಾದರೆ, ಗ್ಯಾರೇಜು ಬಿಡುವ ಮೊದಲು ಅದರ ಬಾಯಿಯನ್ನು ಗಾಳಿ ನುಸುಳದಂತೆ ಪೂರ್ತಿ ಮುಚ್ಚಿ ಎಂಜಿನ್ನನ್ನು ಐಡಲ್‌ನಲ್ಲಿ ಓಡಿಸಿ ನೋಡಿ. ಕೆಲವೇ ಕ್ಷಣಗಳಲ್ಲಿ ಎಂಜಿನ್ ಉಸಿರುಗಟ್ಟಿ ನಿಲ್ಲಬೇಕು. ನಿಲ್ಲದಿದ್ದರೆ ಎಲ್ಲೋ ಕೀಲಿನಲ್ಲಿ ಗಾಳಿ ಸೇರುತ್ತಿದೆ ಎಂದರ್ಥ; ಗಾಳಿ ಸೇರುವಲ್ಲಿ ನೀರೂ ಸೇರುತ್ತದೆ. ಏರ್ ಫಿಲ್ಟರ್ ಡಬ್ಬಿಯ ಮುಚ್ಚಳ, ಅದರ ತಳದಲ್ಲಿರುವ ನೀರು ಬಸಿಯುವ ರಂಧ್ರ, ಟರ್ಬೊಗೆ ಮುಂಚಿನ ಹೋಸ್‌ಗಳ ಕ್ಲಿಪ್‌ಗಳು ಇವನ್ನು ಬಿಗಿ ಮಾಡದೆ ಹೊರಗಿನ ಕೊಳವೆಯನ್ನಷ್ಟೇ ತಿರುಪು ಹಾಕಿ ಕೂರಿಸಿದ ಸ್ನಾರ್ಕೆಲ್ ಬರಿಯ ಅಲಂಕಾರ.

ಮೂಡಿಗೆರೆ ಕಡೆಯವ:

ಮೇಲಿನ ಉತ್ತರದಲ್ಲಿ ಆಳದ ವಿಚಾರ ಬಂದಿದೆ, ಸೆಳೆತದ ವಿಚಾರ ಬಂದಿಲ್ಲ. ಕಂಪನಿ ಹೇಳುವ 650 ಮಿಲಿಮೀಟರ್ ನಿಂತ ನೀರಿಗೆ ಹೊಂದುವ ಮಾತು. ಹರಿಯುವ ನೀರಿನ ವೇಗ ಎರಡರಷ್ಟಾದರೆ ಅದು ಗಾಡಿಯ ಮೈಮೇಲೆ ಹಾಕುವ ಒತ್ತಡ ನಾಲ್ಕರಷ್ಟಾಗುತ್ತದೆ. ಇದರ ಜೊತೆಗೆ, ನೀರು ಗಾಡಿಯ ತಳದ ತಗಡಿಗಿಂತ ಮೇಲೆ ಏರಿದ ಪ್ರತಿ 10 ಸೆಂಟಿಮೀಟರಿಗೆ, ಒಳಗೆ ನೀರು ತುಂಬುವವರೆಗೆ, ಥಾರ್‌ನಷ್ಟು ಉದ್ದಗಲದ ಗಾಡಿಯನ್ನು ಅದು ಸುಮಾರು ಅರ್ಧ ಟನ್ನಿನಷ್ಟು ಬಲದಿಂದ ಮೇಲಕ್ಕೆತ್ತುತ್ತದೆ. ಚಕ್ರಕ್ಕೆ ನೆಲದ ಹಿಡಿತ ತಪ್ಪುವುದು ಹೀಗೆ. ಸುಮಾರು 60 ಸೆಂಟಿಮೀಟರ್ ಆಳದ ಹರಿವು ಹೆಚ್ಚಿನ ವಾಹನಗಳನ್ನು ಕೊಚ್ಚಿಕೊಂಡು ಹೋಗಬಲ್ಲದು ಎಂದು ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಎಚ್ಚರಿಸುತ್ತದೆ. ನಿಮ್ಮ ಬಂಪರ್ ಮಟ್ಟದ ನೀರು ಅದರ ಆಸುಪಾಸಿನಲ್ಲೇ ಇದೆ. ಆ ಸ್ಥಿತಿಯಲ್ಲಿ ಸ್ನಾರ್ಕೆಲ್ ಇದ್ದರೂ ಎಂಜಿನ್ ಓಡುತ್ತಿರುವಂತೆಯೇ ಗಾಡಿ ಕೆಳಗೆ ಹೋಗುತ್ತದೆ, ಅಷ್ಟೇ.

ಆದ್ದರಿಂದ ನಿಮ್ಮ ಹಳ್ಳ ಯಾವ ಬಗೆಯದು ಎಂಬುದನ್ನು ಮೊದಲು ನೋಡಬೇಕು. ನಮ್ಮ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ತುಂಬಿ ಹರಿಯುವಾಗ, ಅದಕ್ಕೆ ಸೇರುವ ಹಳ್ಳಗಳ ನೀರು ಮುಂದೆ ಹೋಗಲಾಗದೆ ಹಿಂದಕ್ಕೊತ್ತಿ ನಿಲ್ಲುವುದುಂಟು. ಅಂಥ ಕಡೆ ನೀರು ಆಳವಾಗಿದ್ದರೂ ಸೆಳೆತ ಕಡಿಮೆ. ಸ್ನಾರ್ಕೆಲ್‌ಗೆ ಅರ್ಥವಿರುವುದು ಅಲ್ಲಿ. ನಿಮ್ಮದು ಕೆಲವು ತಾಸುಗಳಲ್ಲಿ ಏರಿ ಇಳಿಯುತ್ತದೆ ಎಂದಿದ್ದೀರಿ. ಅದು ಗುಡ್ಡದಿಂದ ನೇರವಾಗಿ ಇಳಿದು ಬರುವ ನೀರಿನ ಲಕ್ಷಣ. ಅದರಡಿಯಲ್ಲಿ ಹಿಂದಿನ ದಿನ ಇದ್ದ ಕಲ್ಲು ಮರುದಿನ ಅಲ್ಲಿಯೇ ಇರುತ್ತದೆಂಬ ಭರವಸೆಯೂ ಇಲ್ಲ.

ಹಳೇ ಜೀಪು:

ಕಾನೂನಿನ ಪ್ರಶ್ನೆಗೆ ಉತ್ತರಿಸುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಸೂಚಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಂ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಸ್ನಾರ್ಕೆಲ್ ಆ ವಿವರಗಳ ವ್ಯಾಪ್ತಿಗೆ ಬರುವುದಿಲ್ಲವೆಂದು ವಾದಿಸುವವರಿದ್ದಾರೆ. ಆದರೆ ಆ ವಾದವನ್ನು ನೀವು ರಸ್ತೆಬದಿಯಲ್ಲಿ, ಮಳೆಯಲ್ಲಿ ನಿಂತು ಮಂಡಿಸಬೇಕಾದೀತು. ಸಕಲೇಶಪುರದ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಲಿಖಿತವಾಗಿ ಕೇಳಿಕೊಳ್ಳುವುದು ಒಳ್ಳೆಯದು. ಗೂರ್ಖಾದಂತೆ ಕಂಪನಿಯಿಂದಲೇ ಸ್ನಾರ್ಕೆಲ್ ಸಮೇತ ಬರುವ ಗಾಡಿಗೆ ಈ ತೊಡಕಿಲ್ಲ.

ವಿಮೆಯಲ್ಲಿ ಎಂಜಿನ್ ಪ್ರೊಟೆಕ್ಷನ್ ಎಂಬ ಹೆಚ್ಚುವರಿ ಭಾಗವನ್ನು ಕೊಂಡಿರದಿದ್ದರೆ, ನೀರು ಹೊಕ್ಕು ಕೆಟ್ಟ ಎಂಜಿನ್ನಿಗೆ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ. ನೀರಿನಲ್ಲಿ ನಿಂತುಹೋದ ಗಾಡಿಗೆ ಮತ್ತೆ ಸೆಲ್ಫ್ ಹೊಡೆದರೆ ಅದೊಂದೇ ಕಾರಣಕ್ಕೆ ಕ್ಲೇಮ್ ತಿರಸ್ಕೃತವಾಗಬಹುದು.

ಇನ್ನು, ಸ್ನಾರ್ಕೆಲ್‌ನಿಂದ ಧೂಳು ಕಡಿಮೆಯಾಗುತ್ತದೆ ಎಂಬ ಮಾತೂ ಕೇಳಿಬರುತ್ತದೆ. ಅದು ನಿಜವೇ, ಆದರೆ ಸಾಲಾಗಿ ಹೋಗುವ ಗಾಡಿಗಳಲ್ಲಿ ಹಿಂದಿರುವವರಿಗೆ. ಒಂಟಿಯಾಗಿ ಹೋಗುವ ತೋಟದ ಗಾಡಿ ಎಬ್ಬಿಸುವ ಧೂಳು ಅದರ ಹಿಂದೆಯೇ ಉಳಿಯುತ್ತದೆ. ಅದಕ್ಕಿಂತ, ಮೆಣಸಿನ ಬಳ್ಳಿ ಮತ್ತು ಸಿಲ್ವರ್ ಓಕ್ ಕೊಂಬೆಗಳ ನಡುವೆ ನುಗ್ಗುವಾಗ ಕೊಳವೆಯ ತಲೆ ಸಿಕ್ಕಿಕೊಂಡು ಬ್ರಾಕೆಟ್ ಸಡಿಲವಾಗುವ ಕಾಟವೇ ನಿಮಗೆ ಹೆಚ್ಚು. ತುಕ್ಕಿನ ವಿಚಾರದಲ್ಲಿ ಭಯ ಬೇಡ: ಕೊರೆದ ಅಂಚನ್ನು ಅರದಿಂದ ಉಜ್ಜಿ, ಪ್ರೈಮರ್ ಮತ್ತು ಬಣ್ಣ ಹಚ್ಚಿ, ಒಣಗಿದ ನಂತರವೇ ರಬ್ಬರ್ ಕೂರಿಸಿದರೆ ತಗಡು ಬಾಳುತ್ತದೆ. ಅವಸರದಲ್ಲಿ ಬರಿಯ ಸಿಲಿಕೋನ್ ಮೆತ್ತಿದರೆ ಬಾಳುವುದಿಲ್ಲ.

ಹಾನಬಾಳು ತೋಟ:

ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ನಮ್ಮ ಹಳ್ಳ ಗುಡ್ಡದಿಂದಲೇ ಇಳಿದು ಬರುವುದು, ಹೇಮಾವತಿ ಅಲ್ಲಿಂದ ದೂರವಿದೆ. ಸದ್ಯ ಬ್ರೀದರ್‌ಗಳ ಕೆಲಸ ಮಾಡಿಸಿ, ಹಳ್ಳದ ದಂಡೆಯಲ್ಲಿ ಒಂದು ಕಲ್ಲುಕಂಬ ನೆಟ್ಟು, ನೀರಿನ ಮಟ್ಟಕ್ಕೆ ಬಣ್ಣದ ಗೆರೆ ಹಾಕಿಸುತ್ತೇನೆ. ಗೆರೆ ಮುಳುಗಿದ ದಿನ ಗಾಡಿಯನ್ನು ಆಚೆಯೇ ನಿಲ್ಲಿಸಿ, ಮೇಲಿನ ಕಾಲುಸಂಕದಿಂದ ನಡೆದು ಬರುವುದೆಂದು ಮನೆಯಲ್ಲಿಯೂ ಹೇಳಿದ್ದೇನೆ. ಗೆರೆಯನ್ನು 650 ಮಿಲಿಮೀಟರಿಗೇ ಹಾಕಿಸಬಹುದೇ?

ಮೂಡಿಗೆರೆ ಕಡೆಯವ:

ಬೇಡ. ಹರಿಯುವ ನೀರಾದ್ದರಿಂದ ಚಕ್ರದ ನಡುಬಿಂದುವಿನ ಮಟ್ಟಕ್ಕೆ, ಅಂದರೆ 390ರ ಆಸುಪಾಸಿಗೆ ಹಾಕಿಸಿ. ಅಳತೆಯನ್ನು ದಂಡೆಯ ನೆಲದಿಂದ ತೆಗೆದುಕೊಳ್ಳಬೇಡಿ. ಚಕ್ರ ಹಾಯುವ ಜಾಡಿನಲ್ಲಿ ಅತ್ಯಂತ ತಗ್ಗಾದ ಜಾಗದಿಂದ ಹಗ್ಗ ಎಳೆದು ತೆಗೆದುಕೊಳ್ಳಿ. ಪ್ರತಿ ದೊಡ್ಡ ಮಳೆಯ ನಂತರ ಆ ತಗ್ಗು ಜಾಗ ಬದಲಾಗಿದೆಯೇ ಎಂದು ಕೋಲು ಇಳಿಸಿ ನೋಡಿ.