ಸೀನಿಯರ್ ಫೋಟೋ: ಹದಿನೇಳರ ಮಕ್ಕಳನ್ನು ಬಯಲಲ್ಲಿ ಹೇಗೆ ನಿಲ್ಲಿಸೋದು, ಬೆಳಕು ಹೇಗೆ ನೋಡೋದು? ಅನುಭವ ಇದ್ದವರು ಹೇಳಿ

ಪ್ರಶ್ನೆ, ಫ್ರಿಸ್ಕೊ, ಟೆಕ್ಸಸ್‌ನಿಂದ

ಎಲ್ಲರಿಗೂ ನಮಸ್ಕಾರ. ನಾನು ವೃತ್ತಿಯಿಂದ ಫೋಟೋಗ್ರಾಫರ್ ಅಲ್ಲ. ಡಲ್ಲಾಸ್ ಕಡೆಯ ನಮ್ಮ ಕನ್ನಡದವರ ಯುಗಾದಿ, ರಾಜ್ಯೋತ್ಸವ, ಮಕ್ಕಳ ಹುಟ್ಟುಹಬ್ಬ ಅಂತ ಏಳೆಂಟು ವರ್ಷದಿಂದ ಫೋಟೋ ತೆಗೀತಾ ಇದ್ದೀನಿ. ಈಗ ಸ್ನೇಹಿತೆಯ ಅವಳಿ ಮಕ್ಕಳು ಹನ್ನೆರಡನೇ ತರಗತಿಗೆ ಬಂದಿದ್ದಾರೆ. ಅವರ ಸೀನಿಯರ್ ಫೋಟೋ, ಅಂದರೆ ಇಲ್ಲಿ ಹೈಸ್ಕೂಲಿನ ಕೊನೆಯ ವರ್ಷದ ನೆನಪಿಗೆ ತೆಗೆಸೋ ಫೋಟೋ, ನೀನೇ ತೆಗೀಬೇಕು ಅಂತ ಪಟ್ಟು ಹಿಡಿದಿದ್ದಾಳೆ. ಇಯರ್‌ಬುಕ್ಕಿಗೆ (ಶಾಲೆಯ ವರ್ಷದ ನೆನಪಿನ ಪುಸ್ತಕ) ಬೇಕಾದದ್ದನ್ನು ಶಾಲೆ ಗೊತ್ತುಮಾಡಿದ ಸ್ಟುಡಿಯೋದವರು ಆಗಲೇ ತೆಗೆದಾಗಿದೆ. ಇದು ಮನೆಗೆ, ಊರಿನ ಅಜ್ಜಿ ತಾತಂದಿರಿಗೆ, ಮೇ ತಿಂಗಳ ಗ್ರಾಜುಯೇಷನ್ ಆಮಂತ್ರಣಕ್ಕೆ.

ಹುಡುಗನಿಗೆ ಕ್ಯಾಮೆರಾ ಕಂಡರೆ ಮೈಯೆಲ್ಲಾ ಬಿಗಿಯಾಗುತ್ತೆ. ಕನ್ನಡಕ ಬೇರೆ. ಹುಡುಗಿಗೆ ಒಂದು ಸೆಟ್ ಕೌಬಾಯ್ ಬೂಟಿನಲ್ಲಿ, ಇನ್ನೊಂದು ಅಜ್ಜಿಯ ಮೈಸೂರು ರೇಷ್ಮೆ ಸೀರೆಯಲ್ಲಿ ಬೇಕಂತೆ. ಆಗಸ್ಟ್ ಮೂರನೇ ಶನಿವಾರ ಸಂಜೆ ಆರಕ್ಕೆ, ಕೆರೆ ಪಕ್ಕದ ಪಾರ್ಕಿನಲ್ಲಿ ಅಂತ ಮಾತಾಗಿದೆ. ನನ್ನ ಹತ್ತಿರ ಇರೋದು 85 ಎಂಎಂ ಎಫ್ 1.8 ಲೆನ್ಸ್ (ಎಫ್ ಅಂದರೆ ಬೆಳಕು ಬರೋ ಕಿಂಡಿಯ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಒಂದು 24-70 ಜೂಮ್ ಲೆನ್ಸ್, ಒಂದು ಸ್ಪೀಡ್‌ಲೈಟ್ (ಪುಟ್ಟ ಫ್ಲ್ಯಾಷ್). ಸಹಾಯಕ್ಕೆ ಯಾರೂ ಇಲ್ಲ. ಮಕ್ಕಳ ಜೀವನದಲ್ಲಿ ಒಂದೇ ಸಲ ಬರೋ ಫೋಟೋ, ಕೆಡಿಸಿಬಿಟ್ಟರೆ ಅನ್ನೋ ದಿಗಿಲು.

ಹ್ಯೂಸ್ಟನ್‌ನಿಂದ

ಮೊದಲು ಆ ಆರು ಗಂಟೆ ಬದಲಾಯಿಸಿ ಮೇಡಂ. ಆಗಸ್ಟ್ ನಡುವಿನಲ್ಲಿ ನಿಮ್ಮೂರಲ್ಲಿ ಸೂರ್ಯ ಮುಳುಗೋದು ಎಂಟು ದಾಟಿದ ಮೇಲೆ. ಆರಕ್ಕೆ ಬಿಸಿಲು ಚುರುಗುಟ್ಟುತ್ತಾ ಇರುತ್ತೆ. ಮಕ್ಕಳು ಕಾರಿಂದ ಇಳಿದು ಹತ್ತು ನಿಮಿಷಕ್ಕೆ ಬೆವರಿ ಸೋತುಹೋಗ್ತಾರೆ. ಆರೂಮುಕ್ಕಾಲಿಗೆ ಸೇರಿ. ಮೊದಲ ಮುಕ್ಕಾಲು ಗಂಟೆ ನೆರಳಲ್ಲಿ ಕೆಲಸ ಮಾಡಿ, ಕೊನೆಯ ನಲವತ್ತು ನಿಮಿಷ ಹೊಂಬಿಸಿಲಿಗೆ ಇಟ್ಟುಕೊಳ್ಳಿ. ನಾನು ಒಂದು ವರ್ಷ ಅಕ್ಟೋಬರ್‌ನಲ್ಲೇ ಒಬ್ಬ ಹುಡುಗನಿಗೆ ನವೆಂಬರ್ ಮೊದಲ ಭಾನುವಾರ ಸಂಜೆ ಐದೂವರೆ ಅಂತ ಸಮಯ ಕೊಟ್ಟುಬಿಟ್ಟಿದ್ದೆ. ಅವತ್ತೇ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗೋ ದಿನ ಅನ್ನೋದು ತಲೆಗೆ ಬರಲಿಲ್ಲ. ಅವರು ಬರೋ ಹೊತ್ತಿಗೆ ಸೂರ್ಯ ಮುಳುಗ್ತಾ ಇದ್ದ. ಆ ತಾಯಿಯ ಮುಖ ಇವತ್ತಿಗೂ ಕಣ್ಣಮುಂದಿದೆ. ಅಂದಿನಿಂದ ಯಾವ ದಿನವಾದರೂ ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸ್ತೀನಿ, ಗಡಿಯಾರದಿಂದ ಅಲ್ಲ.

ಬೆಳಕು ಹುಡುಕೋಕೆ ಒಂದು ಸುಲಭದ ದಾರಿ: ಕೈ ಮುಂದಕ್ಕೆ ಚಾಚಿ, ಮುಷ್ಟಿ ಕಟ್ಟಿ, ನಿಂತಲ್ಲೇ ನಿಧಾನ ಒಂದು ಸುತ್ತು ಬನ್ನಿ. ಬೆರಳಿನ ಗೆಣ್ಣುಗಳ ಮೇಲಿನ ನೆರಳು ನೋಡ್ತಾ ಇರಿ. ಒಂದು ಕಡೆಗೆ ತಿರುಗಿದಾಗ ನೆರಳಿನ ಅಂಚು ಮೆತ್ತಗಾಗಿ ಕೈ ತುಂಬಿ ಕಾಣುತ್ತೆ. ನಿಮ್ಮ ಕೈ ಇದ್ದ ಜಾಗದಲ್ಲಿ ಮಗುವಿನ ಮುಖ ಬರಲಿ. ದೊಡ್ಡ ಓಕ್ ಮರದ ನೆರಳಿನ ಒಳಗೆ ಆಳಕ್ಕೆ ಕರ್ಕೊಂಡು ಹೋಗಬೇಡಿ, ಅಲ್ಲಿ ಕಣ್ಣಲ್ಲಿ ಜೀವ ಇರಲ್ಲ. ನೆರಳು ಮುಗಿಯೋ ಗೆರೆಯಿಂದ ಎರಡು ಹೆಜ್ಜೆ ಒಳಗೆ, ಮುಖ ಬಯಲಿನ ಕಡೆಗೆ. ಕಣ್ಣಲ್ಲಿ ಬಿಳಿ ಚುಕ್ಕೆ ಮಿಂಚಿತು ಅಂದರೆ ಅರ್ಧ ಕೆಲಸ ಆಯ್ತು. ಎಲೆ ಸಂದಿಯಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಮುಖದ ಮೇಲೆ ಬೀಳೋ ಕಡೆ ಮಾತ್ರ ಬೇಡವೇ ಬೇಡ. ಮನೆಗೆ ಬಂದು ಅದನ್ನು ಸರಿಮಾಡೋಕೆ ಯಾರಿಂದಲೂ ಆಗಲ್ಲ.

ಫ್ಲ್ಯಾಷ್ ವಿಚಾರ. ಪೂರ್ತಿ ಬಿಸಿಲಲ್ಲಿ ಐಎಸ್‌ಒ 100, ಎಫ್ 2.8 ಇಟ್ಟರೆ (ಐಎಸ್‌ಒ ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಶಟರ್ ತೆರೆದಿರೋ ಹೊತ್ತು ಸೆಕೆಂಡಿನ 1/3200ರ ಹತ್ತಿರ ಹೋಗುತ್ತೆ. ಸಾಮಾನ್ಯ ಕ್ಯಾಮೆರಾ ಫ್ಲ್ಯಾಷ್ ಜೊತೆ ಒಪ್ಪೋದು 1/200 ಅಥವಾ 1/250ರ ತನಕ. ಅದಕ್ಕಿಂತ ವೇಗದಲ್ಲೂ ಫ್ಲ್ಯಾಷ್ ಹೊಡೆಯೋ ಹೈ ಸ್ಪೀಡ್ ಸಿಂಕ್ ಹಾಕಿದಿರೋ, ಸಣ್ಣ ಸ್ಪೀಡ್‌ಲೈಟಿನ ಕಸುವೆಲ್ಲಾ ಇಳಿದುಹೋಗುತ್ತೆ. ಲೆನ್ಸಿಗೆ ನಾಲ್ಕು ಸ್ಟಾಪಿನ ಎನ್‌ಡಿ ಫಿಲ್ಟರ್ (ಬೆಳಕನ್ನು ಹದಿನಾರರಲ್ಲಿ ಒಂದಕ್ಕೆ ಇಳಿಸೋ ಕಪ್ಪು ಗಾಜು) ಹಾಕಿದರೆ 1/200ಕ್ಕೆ ಬರುತ್ತೆ, ಆದರೆ ವ್ಯೂಫೈಂಡರ್ ಕತ್ತಲಾಗಿ ಫೋಕಸ್ ತಡವರಿಸಬಹುದು. ಮೊದಲ ಸಲ ತೆಗೆಯೋರಿಗೆ ಈ ಒದ್ದಾಟ ಬೇಡ. ಸೂರ್ಯನನ್ನು ಮಕ್ಕಳ ಬೆನ್ನಿಗೆ ಹಾಕಿ, ಎದುರಿಗೆ, ಬೆಳಕು ಮುಖಕ್ಕೆ ತಿರುಗಿ ಬೀಳೋ ಹಾಗೆ, ಬಿಳಿ ಫೋಮ್ ಬೋರ್ಡ್ (ಹಗುರ ಹಲಗೆ) ಹಿಡಿಸಿ. ಅವಳಿಗಳಲ್ಲವಾ, ಒಬ್ಬರಿಗೆ ಇನ್ನೊಬ್ಬರೇ ಬೋರ್ಡ್ ಹಿಡೀಲಿ! ಬೆಳ್ಳಿ ಬಣ್ಣದ ರಿಫ್ಲೆಕ್ಟರ್ ಬಿಸಿಲಲ್ಲಿ ಕಣ್ಣಿಗೆ ಚುಚ್ಚುತ್ತೆ, ಪಾಪ ಮಕ್ಕಳು ಕಣ್ಣು ಬಿಡಲ್ಲ. ಫ್ಲ್ಯಾಷ್ ಬೇಕೇ ಬೇಕು ಅಂದರೆ ನೆರಳಲ್ಲಿ, ಬೆಳಕು ಮೆತ್ತಗಾಗಿಸೋ ಬಿಳಿ ಫೋಟೋ ಕೊಡೆಯ ಮೂಲಕ, ಆದಷ್ಟು ಹತ್ತಿರ. ಆರಡಿಯಿಂದ ಮೂರಡಿಗೆ ತಂದರೆ ಬೆಳಕು ನಾಲ್ಕರಷ್ಟಾಗುತ್ತೆ. ಸ್ಟ್ಯಾಂಡಿಗೆ ಒಂದು ಗ್ಯಾಲನ್ ನೀರಿನ ಕ್ಯಾನ್ ಕಟ್ಟಿ. ಟೆಕ್ಸಸ್ ಗಾಳಿಗೆ ನನ್ನ ಕೊಡೆ ಹಾರಿ ಫ್ಲ್ಯಾಷಿನ ಕಾಲೇ ಮುರಿದಿತ್ತು.

ಸಿಯಾಟಲ್‌ನಿಂದ

ಮೇಲಿನವರು ಹೇಳಿದ್ದು ಬಿಸಿಲಿನ ಊರಿನ ಮಾತು. ಅವತ್ತು ಮೋಡ ಕವಿದರೆ ಏನು ಮಾಡ್ತೀರಿ? ಮೋಡ ಇದ್ದರೆ ಪೋರ್ಟ್ರೇಟಿಗೆ ಹಬ್ಬ ಅಂತ ಎಲ್ಲರೂ ಹೇಳ್ತಾರೆ, ನಾನು ಒಪ್ಪಲ್ಲ. ಬೆಳಕು ಮೆತ್ತಗಿರುತ್ತೆ ನಿಜ, ಆದರೆ ಪೂರ್ತಿ ನೆತ್ತಿ ಮೇಲಿಂದ ಬರುತ್ತೆ. ಕಣ್ಣು ಆಳವಾಗಿರೋ ಮಕ್ಕಳಿಗೆ ಕಣ್ಣಿನ ಕೆಳಗೆ ಕಪ್ಪು, ರಾತ್ರಿಯೆಲ್ಲಾ ಓದಿ ಎದ್ದ ಹಾಗೆ. ಮಂಟಪ, ಜಗಲಿ, ಕಟ್ಟಡದ ಸೂರು, ಏನಾದರೂ ತಲೆ ಮೇಲೆ ಇರೋ ಕಡೆ ಅಂಚಿಗೆ ನಿಲ್ಲಿಸಿ. ಮೇಲಿನ ಬೆಳಕು ತಡೆದು ಎದುರಿನದು ಮಾತ್ರ ಒಳಗೆ ಬರುತ್ತೆ. ಕಾಂಕ್ರೀಟ್ ನೆಲ ತಿಳಿ ಬಣ್ಣದ್ದಾದರೆ ಕೆಳಗಿಂದಲೂ ಅಷ್ಟು ಬೆಳಕು ಎರಚುತ್ತೆ.

ಹಸಿರು ಹುಲ್ಲಿನ ಮೇಲೆ ಕೂರಿಸಿದಾಗ ಗದ್ದದ ಕೆಳಗೆ ನೋಡಿ. ನಮ್ಮ ಮೈಬಣ್ಣದ ಮೇಲೆ ಆ ಹಸಿರು ಕೂತರೆ ಮುಖ ಕಾಯಿಲೆ ಬಿದ್ದವರ ಹಾಗೆ ಕಾಣುತ್ತೆ. ಒಣಗಿದ ಹುಲ್ಲು, ಇಟ್ಟಿಗೆ ಗೋಡೆ, ಮರದ ಸೇತುವೆ ಎಷ್ಟೋ ವಾಸಿ.

ನ್ಯೂಜೆರ್ಸಿಯಿಂದ

ಬೆಳಕಿನ ಬಗ್ಗೆ ಅಣ್ಣಂದಿರು ಹೇಳಿದ್ದಾರೆ. ನಾನು ಹನ್ನೊಂದು ವರ್ಷದಿಂದ ಈ ಕೆಲಸದಲ್ಲಿದ್ದೀನಿ, ನನಗೆ ಕಷ್ಟ ಅನ್ನಿಸಿದ್ದು ಯಾವತ್ತೂ ಬೆಳಕಲ್ಲ, ಕೈಗಳು. ಹದಿನೇಳರ ಹುಡುಗನಿಗೆ ತನ್ನ ಕೈ ಎಲ್ಲಿಡಬೇಕು ಅನ್ನೋದೇ ಗೊತ್ತಿರಲ್ಲ. ಎರಡು ವರ್ಷದ ಹಿಂದೆ ಅವು ಅಷ್ಟುದ್ದ ಇರಲೂ ಇಲ್ಲ. "ಸ್ಮೈಲ್ ಮಾಡು, ನೆಟ್ಟಗೆ ನಿಲ್ಲು" ಅಂದಿರೋ, ಮುಗೀತು, ಪಾಸ್‌ಪೋರ್ಟ್ ಫೋಟೋ ಆಗುತ್ತೆ.

ಅಕ್ಕಾ, ಅವನಿಗೆ ಪೋಸ್ ಕೊಡಬೇಡಿ, ಕೆಲಸ ಕೊಡಿ. ದಿನಾ ಕೈಯಲ್ಲಿ ಹಿಡಿಯೋ ವಸ್ತು ತರೋಕೆ ಹೇಳಿ. ಬ್ಯಾಟೋ, ಗಿಟಾರೋ, ಬಾಸ್ಕೆಟ್‌ಬಾಲೋ. ಅದು ಕೈಯಲ್ಲಿದ್ದಾಗ ಭುಜ ತಾನಾಗಿ ಇಳಿಯುತ್ತೆ. ಏನೂ ಇಲ್ಲ ಅಂದರೆ ಶೂ ಲೇಸ್ ಕಟ್ಟು, ತೋಳು ಮಡಚು, ವಾಚ್ ಸರಿಮಾಡು, ಆ ಕಂಬದ ತನಕ ನಡೆದು ವಾಪಸ್ ಬಾ ಅನ್ನಿ. ಜೇಬಿಗೆ ಕೈ ಹಾಕಿದರೆ ಹೆಬ್ಬೆರಳು ಹೊರಗಿರಲಿ. ಇಲ್ಲದಿದ್ದರೆ ಕೈ ಮಣಿಕಟ್ಟಿನಲ್ಲೇ ಕತ್ತರಿಸಿದ ಹಾಗಿರುತ್ತೆ. ಮೊಣಕೈ ಮತ್ತು ಸೊಂಟದ ನಡುವೆ ಒಂದಿಷ್ಟು ಆಕಾಶ ಕಾಣಬೇಕು.

ನಿಲ್ಲುವಾಗ ಭಾರ ಹಿಂದಿನ ಕಾಲಿನ ಮೇಲೆ, ಮುಂದಿನ ಮಂಡಿ ಸಡಿಲ. ಕ್ಯಾಮೆರಾಕ್ಕೆ ನೇರ ಎದೆ ಕೊಡೋದು ಬೇಡ, ಸ್ವಲ್ಪ ಓರೆ. ಆಮೇಲೆ ಹಣೆ ನಿಮ್ಮ ಕಡೆಗೆ ಬರೋ ಹಾಗೆ ಕತ್ತು ಒಂದಂಗುಲ ಮುಂದಕ್ಕೆ, ಗದ್ದ ಚೂರು ಕೆಳಕ್ಕೆ. ಇದು ಮಾಡೋರಿಗೆ ವಿಚಿತ್ರ ಅನ್ನಿಸುತ್ತೆ, ಬಾಯಲ್ಲಿ ಹೇಳಿದರೆ ತಿಳಿಯಲ್ಲ. ನೀವೇ ಎದುರಿಗೆ ನಿಂತು ಮಾಡಿ ತೋರಿಸಿ, ಅವರು ಕನ್ನಡಿಯ ಹಾಗೆ ಮಾಡಲಿ. ಬೆಳಕಿಗೆ ಕಣ್ಣು ಕಿವುಚಿದರೆ "ಕಣ್ಣು ಮುಚ್ಕೋ, ಮೂರು ಅಂದಾಗ ಬಿಡು" ಅನ್ನಿ. ಬಿಟ್ಟ ಮೊದಲ ಕ್ಷಣ ಸಿಗೋ ಕಣ್ಣು ಆಮೇಲೆ ಸಿಗಲ್ಲ. ಬಲವಂತಕ್ಕೆ ನಗಿಸಬೇಡಿ, ಮುಖ್ಯವಾಗಿ ಹಲ್ಲಿಗೆ ಕ್ಲಿಪ್ ಇದ್ದರೆ. ಮುಚ್ಚಿದ ತುಟಿಯ ಫೋಟೋಗಳೇ ಎಷ್ಟೋ ಸಲ ಗೋಡೆಗೆ ಹೋಗಿವೆ.

ಕನ್ನಡಕಕ್ಕೆ ಕಿವಿಯ ಮೇಲಿನ ಕಡ್ಡಿ ಚೂರು ಎತ್ತಿ, ಗಾಜು ಸ್ವಲ್ಪ ಕೆಳಗೆ ಬಾಗುತ್ತೆ, ಆಕಾಶದ ಪ್ರತಿಫಲನ ಹೋಗುತ್ತೆ. ಬಿಸಿಲಿಗೆ ಕಪ್ಪಾಗೋ ಗಾಜಾದರೆ ನೆರಳಲ್ಲೂ ಕಪ್ಪಾಗಿಬಿಡುತ್ತೆ. ಹಳೇ ಸಾದಾ ಕನ್ನಡಕ ಮನೇಲಿದ್ದರೆ ತರೋಕೆ ಹೇಳಿ.

ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ಮಕ್ಕಳನ್ನು ಕೇಳದೆ ಮುಟ್ಟಲ್ಲ. ಕೂದಲು ಸರಿಮಾಡಬೇಕಾದರೂ "ಎಡಗಡೆ ಕೂದಲು ಹಿಂದಕ್ಕೆ ಹಾಕ್ಕೊಮ್ಮ" ಅಂತೀನಿ. ತಾಯಿ ತಂದೆ ಕಣ್ಣಳತೆಯಲ್ಲಿ ಇರಲೇಬೇಕು, ಆದರೆ ನನ್ನ ಬೆನ್ನ ಹಿಂದೆ ನಿಂತು "ನಗು ಪುಟ್ಟಾ" ಅನ್ನೋ ಹಾಗಿಲ್ಲ. ಮೂವತ್ತಡಿ ಆಚೆ ಬೆಂಚು ತೋರಿಸಿಬಿಡ್ತೀನಿ. ಮತ್ತೆ, ರೈಲ್ವೆ ಹಳಿ ಮೇಲೆ ಫೋಟೋ ಬೇಕು ಅಂತ ಮಕ್ಕಳು ಕೇಳೇ ಕೇಳ್ತಾರೆ. ಆಗಲ್ಲ ಅನ್ನಿ. ಇಲ್ಲಿ ಅದು ಅತಿಕ್ರಮಣ, ಕಾನೂನಿಗೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ ಜೀವದ ಪ್ರಶ್ನೆ.

ಫೀನಿಕ್ಸ್‌ನಿಂದ

ಅಕ್ಕಾರ, ನಾ ಧಾರವಾಡದಾಂವ. ಸೀರಿ ಬಗ್ಗೆ ಒಂದ ಮಾತು ಹೇಳ್ತೀನ್ರಿ. ಜರಿ ಮ್ಯಾಲೆ ನೇರ ಬಿಸಲು ಬಿತ್ತಂದ್ರ ಬೆಂಕಿ ಹತ್ತಿಧಂಗ ಕಾಣತದ, ಫೋಟೋದಾಗ ಅಂಚು ಬರೇ ಬಿಳೀ ಪಟ್ಟಿ ಆಗತದ. ಬಂಗಾರ ಬಣ್ಣದ ರಿಫ್ಲೆಕ್ಟರ್ ಅಂತೂ ಹತ್ರನೂ ತರಬ್ಯಾಡ್ರಿ. ಸೀರಿ ಸೆಟ್ ನೆರಳಾಗ ಮೊದಲ ಮುಗಿಸ್ರಿ, ಬೂಟಿನ ಸೆಟ್ ಹೊಂಬಿಸಲಿಗೆ ಇಡ್ರಿ. ರಾ ಫೈಲಿನಾಗ (ಕ್ಯಾಮೆರಾ ಕಂಡಿದ್ದನ್ನ ಕಡಿಮಿ ಮಾಡದ ಪೂರ್ತಿ ಇಡೂ ಫೈಲು) ತಗೀರಿ. ಮತ್ತ ಸೀರಿ ಉಟ್ಟ ಹುಡುಗಿನ್ನ ಹುಲ್ಲಾಗ ಕುಂದರಸೂ ಮುಂಚೆ ಕೆಂಪ್ ಇರಿವಿ ಗೂಡು ಐತೇನು ನೋಡ್ರಿ. ಟೆಕ್ಸಸ್ ಇರಿವಿ ಭಾಳ ಕೆಟ್ಟವು.

ಸ್ಯಾನ್ ಹೋಸೆಯಿಂದ, ಒಬ್ಬ ತಾಯಿ

ನಾನು ಫೋಟೋ ತೆಗೆಯೋಳಲ್ಲ, ಹೋದ ವರ್ಷ ಮಗಳಿಗೆ ತೆಗೆಸಿದವಳು. ತೆಗೆದವರು ಒಳ್ಳೆಯವರೇ, ಆದರೆ ಕೈಗೆ ಬಂದ ಫೋಟೋಗಳಲ್ಲಿ ನನ್ನ ಮಗಳ ಬಣ್ಣವೇ ಇರಲಿಲ್ಲ. ಎರಡು ಮೂರು ಪಟ್ಟು ತಿಳಿ ಮಾಡಿದ್ದರು. "ಅಮ್ಮಾ, ಇದು ಯಾರು?" ಅಂತ ಕೇಳಿದಳು ಅವಳು. ನನಗೆ ಉತ್ತರ ಹೊಳೀಲಿಲ್ಲ. ಊರಿನ ಸ್ಟುಡಿಯೋಗಳಲ್ಲಿ ಪೌಡರ್ ಬಳಿದು ಲೈಟ್ ಹೊಡೆದು ತೆಗೆಸಿಕೊಂಡ ನನ್ನ ಫೋಟೋಗಳೆಲ್ಲಾ ನೆನಪಾದವು. ದಯವಿಟ್ಟು ತಾಯಿ ಕೇಳಿದರೂ ಬೆಳ್ಳಗೆ ಮಾಡಬೇಡಿ. ಮೊಡವೆ ತೆಗೀರಿ, ಅದು ಎರಡು ವಾರದಲ್ಲಿ ಹೋಗೋದು. ಮಚ್ಚೆ ಬಿಡಿ, ಮೈಬಣ್ಣ ಬಿಡಿ.

ಹ್ಯೂಸ್ಟನ್‌ನಿಂದ, ಮತ್ತೆ

ಈ ತಾಯಿಯ ಮಾತಿಗೆ ಒಂದು ತಾಂತ್ರಿಕ ಅಂಶ ಸೇರಿಸ್ತೀನಿ. ಮುಖ ಕಪ್ಪಾಗಿ ಬರೋದು ಬಹಳ ಸಲ ಕ್ಯಾಮೆರಾದ ಲೆಕ್ಕದಿಂದ. ಹಿಂದೆ ಹೊಳೆಯೋ ಕೆರೆ, ಬಿಳಿ ಆಕಾಶ ಇದ್ದರೆ ಬೆಳಕು ಅಳೆಯೋ ಮೀಟರ್ ಹೆದರಿ ಎಲ್ಲವನ್ನೂ ಕತ್ತಲು ಮಾಡುತ್ತೆ. ಆಮೇಲೆ ಕಂಪ್ಯೂಟರಿನಲ್ಲಿ ಎತ್ತಿದರೆ ಬಣ್ಣ ಬೂದಿಯಾಗುತ್ತೆ. ಒಂದು ಚುಕ್ಕೆಯಷ್ಟು ಜಾಗದ ಬೆಳಕನ್ನಷ್ಟೇ ಅಳೆಯೋ ಸ್ಪಾಟ್ ಮೀಟರ್ ಕೆನ್ನೆಗಿಟ್ಟು ಅಲ್ಲೇ ಸರಿಯಾಗಿ ತೆಗೀರಿ, ಆಕಾಶ ಹೋದರೆ ಹೋಗಲಿ. ಹಿಂದೆ ಕಡು ಹಸಿರು ಮರ ಇದ್ದರೆ ಇನ್ನೂ ಸಲೀಸು.

ಆನ್ ಆರ್ಬರ್‌ನಿಂದ, ಕಾಲೇಜು ವಿದ್ಯಾರ್ಥಿ

ಆಂಟಿ, ನನ್ನ ಸೀನಿಯರ್ ಫೋಟೋ ಎರಡು ವರ್ಷದ ಹಿಂದೆ ಆಯ್ತು. ಮೊದಲ ಅರ್ಧ ಗಂಟೆ ಫೋಟೋಗ್ರಾಫರ್ ಏನೂ ಮಾತಾಡದೆ ಸ್ಕ್ರೀನ್ ನೋಡಿ ಹುಬ್ಬು ಗಂಟಿಕ್ಕುತ್ತಾ ಇದ್ದರು. ನಾನೇ ಚೆನ್ನಾಗಿಲ್ಲ ಅಂದ್ಕೊಂಡೆ. ಅವರು ಸೆಟಿಂಗ್ ನೋಡ್ತಾ ಇದ್ದರಂತೆ. ಒಂದು ಒಳ್ಳೇ ಫೋಟೋ ಬಂದ ತಕ್ಷಣ ತಿರುಗಿಸಿ ತೋರಿಸಿ. ಅಲ್ಲಿಂದ ಎಲ್ಲಾ ಬದಲಾಗುತ್ತೆ.

ಫ್ರಿಸ್ಕೊದಿಂದ, ಕೇಳಿದವಳು

ನಿನ್ನೆ ಮುಗೀತು. ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ತಿಳೀತಿಲ್ಲ. ಆರೂಮುಕ್ಕಾಲಿಗೆ ಸೇರಿದೆವು. ಹುಡುಗ ಮಾರ್ಚಿಂಗ್ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಾನೆ, ಅದನ್ನೇ ತಂದಿದ್ದ. ಊದುವ ಪೋಸಿನಲ್ಲಿ ಮತ್ತೆ ಮೈ ಬಿಗಿ. ಸಾಕು, ಇಡು ಅಂದೆ. ಅವನು ಮೆಟ್ಟಿಲ ಮೇಲೆ ಕೂತು, ಕೊಳವೆಯ ಪುಟ್ಟ ಮುಚ್ಚಳ ಒತ್ತಿ ಒಳಗಿನ ನೀರು ನೆಲಕ್ಕೆ ಬಸಿದ. ಬೋರ್ಡ್ ಹಿಡಿದಿದ್ದ ತಂಗಿ "ಛೀ" ಅಂದಳು. ತಲೆ ಎತ್ತಿ ಅವಳನ್ನು ನೋಡಿ ನಕ್ಕ ನೋಡಿ, ಭುಜ ಇಳಿದಿತ್ತು, ಎರಡು ಕಣ್ಣಲ್ಲೂ ಬಿಳಿ ಬೋರ್ಡಿನ ಚುಕ್ಕೆ. 85ರಲ್ಲಿ, ಎಫ್ 2.8. ಅವರಮ್ಮ ಅದನ್ನು ನೋಡಿ ಮಾತೇ ಆಡಲಿಲ್ಲ, ಕಣ್ಣು ಒರೆಸಿಕೊಂಡಳು.

ಸೀರೆ ಮಾತ್ರ ಸರಿಯಾಗಲಿಲ್ಲ. ಧಾರವಾಡದವರು ಹೇಳಿದ್ದು ಓದಿದ್ದೆ, ಆದರೂ ಹುಡುಗಿಗೆ ಬೂಟಿನ ಆಸೆ, ಅದನ್ನೇ ಮೊದಲು ಹಾಕ್ಕೊಂಡಳು. ಸೀರೆ ಉಟ್ಟು ಬರುವಷ್ಟರಲ್ಲಿ ಸೂರ್ಯ ಕೆರೆಯ ಅಂಚಿಗೆ ಇಳಿದಿದ್ದ, ಸೆರಗಿನ ಜರಿ ಹತ್ತರಲ್ಲಿ ಎಂಟರಲ್ಲಿ ಬಿಳಿಯಾಗಿದೆ. ಮುಂದಿನ ಶನಿವಾರ ಸೀರೆ ಒಂದನ್ನೇ ಮತ್ತೆ ತೆಗೀತೀವಿ, ಮರದ ನೆರಳಿನ ಅಂಚಿಗೆ, ಏಳು ಗಂಟೆಗೆ. ಆರೂವರೆಗೆ ಅವಳು ಉಡೋ ಹೊತ್ತಿಗೆ ಮೈಸೂರಲ್ಲಿ ಬೆಳಗಿನ ಐದು. ನೆರಿಗೆ ಸರಿಯಿದೆಯಾ ಅಂತ ಅಜ್ಜಿ ವಿಡಿಯೋ ಕಾಲ್‌ನಲ್ಲಿ ನೋಡಿ ಹೇಳ್ತಾರಂತೆ.