ಸಕ್ಕರೆ ಬಿಟ್ಟರೆ ಲ್ಯುಕೇಮಿಯಾ ಕೋಶಗಳು ಉಪವಾಸ ಬೀಳುತ್ತವೆಯೇ?

ಪ್ರಶ್ನೆ: ಡಾಕ್ಟ್ರೇ, ನನ್ನ ತಮ್ಮನಿಗೆ ಎಎಂಎಲ್ (ಬೇಗ ಬೆಳೆಯುವ ಒಂದು ಬಗೆಯ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್) ಅಂತ ಗೊತ್ತಾಗಿ ಮೂರು ವಾರ ಆಯಿತು. ಮೊದಲ ಕೀಮೋ ನಡೆಯುತ್ತಿದೆ. ನೋಡಲು ಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ: ಕ್ಯಾನ್ಸರ್ ಸಕ್ಕರೆ ತಿಂದು ಬೆಳೆಯುತ್ತದೆ, ಸಿಹಿ ಪೂರ್ತಿ ನಿಲ್ಲಿಸಿ, ಊಟನೂ ಕಡಿಮೆ ಮಾಡಿ. ಅವನು ಆಗಲೇ ನಾಲ್ಕು ಕೆಜಿ ಇಳಿದಿದ್ದಾನೆ. ಕೊಡಲೂ ಭಯ, ಕೊಡದೇ ಇರಲೂ ಭಯ. ಇದು ನಿಜವಾ?

ಉತ್ತರ (ರಕ್ತರೋಗ ತಜ್ಞೆ): ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಸಿಹಿ ನಿಲ್ಲಿಸಿದರೆ ಈ ಕಾಯಿಲೆ ನಿಲ್ಲುವುದಿಲ್ಲ. ತೂಕ ಇಳಿಯುತ್ತಿರುವ ಹುಡುಗನ ಊಟಕ್ಕೆ ಕತ್ತರಿ ಹಾಕಬೇಡಿ.

ಆ ಮಾತಿನ ಬೇರಿನಲ್ಲಿ ಒಂದು ನಿಜ ಇದೆ. 1920ರ ದಶಕದಲ್ಲಿ ಜರ್ಮನಿಯ ಓಟೊ ವಾರ್ಬರ್ಗ್ ಒಂದು ವಿಚಿತ್ರ ಕಂಡರು. ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ವಿಪರೀತ ಎಳೆದುಕೊಳ್ಳುತ್ತವೆ. ಆದರೆ ಆಮ್ಲಜನಕ ಇದ್ದರೂ ಅದನ್ನು ಪೂರ್ತಿ ಉರಿಸುವುದಿಲ್ಲ. ಹೆಚ್ಚಿನ ಪಾಲನ್ನು ಲ್ಯಾಕ್ಟೇಟ್ ಎಂಬ ಅರೆಬರೆ ಉರಿದ ವಸ್ತುವಾಗಿ ಮಾಡಿ ಹೊರಗೆ ಬಿಡುತ್ತವೆ. ಲ್ಯುಕೇಮಿಯಾ ಕೋಶಗಳಲ್ಲೂ ಇದು ಕಾಣುತ್ತದೆ.

ಆದರೆ ರಕ್ತದ ಸಕ್ಕರೆ ತಟ್ಟೆಯಿಂದ ಮಾತ್ರ ಬರುವುದಲ್ಲ. ಊಟ ಬಿಟ್ಟರೆ ಲಿವರ್ ತನ್ನ ದಾಸ್ತಾನು ಬಿಚ್ಚುತ್ತದೆ. ಅದೂ ಮುಗಿದರೆ ಸ್ನಾಯು ಕರಗಿ ಬಂದ ಪ್ರೋಟೀನಿನಿಂದ ಗ್ಲೂಕೋಸ್ ತಯಾರಿಸುತ್ತದೆ. ಮಿದುಳಿಗೆ ಅದು ಬೇಕೇ ಬೇಕು. ಮೈಟೋಕಾಂಡ್ರಿಯಾ (ಕೋಶದೊಳಗೆ ಇಂಧನ ಉರಿಸುವ ಪುಟ್ಟ ಭಾಗ) ಇಲ್ಲದ ಕೆಂಪು ರಕ್ತಕಣಗಳು ಬದುಕುವುದೇ ಗ್ಲೂಕೋಸಿನ ಮೇಲೆ. ಹಾಗಾಗಿ ಉಪವಾಸ ಕೆಡವಿದರೆ ಸೊರಗುವುದು ತಮ್ಮನ ಸ್ನಾಯು. ಲ್ಯುಕೇಮಿಯಾಗೆ ಅದರ ಪಾಲು ಸಿಗುತ್ತಲೇ ಇರುತ್ತದೆ.

ಮರುಪ್ರಶ್ನೆ: ಓದಿ ಸ್ವಲ್ಪ ಸಮಾಧಾನ ಆಯಿತು. ಆದರೆ ಪೂರ್ತಿ ಉರಿಸದೆ ಯಾಕೆ ಬಿಸಾಡುತ್ತವೆ? ನಷ್ಟ ಅಲ್ವಾ?

ಉತ್ತರ: ಶಕ್ತಿಯ ಲೆಕ್ಕದಲ್ಲಿ ನಷ್ಟವೇ. ಒಂದು ಗ್ಲೂಕೋಸ್ ಅಣುವನ್ನು ಮೈಟೋಕಾಂಡ್ರಿಯಾದಲ್ಲಿ ಪೂರ್ತಿ ಉರಿಸಿದರೆ ಸುಮಾರು 30 ಎಟಿಪಿ (ಕೋಶ ಶಕ್ತಿಗಾಗಿ ಬಳಸುವ ಅಣು) ಸಿಗುತ್ತದೆ. ಲ್ಯಾಕ್ಟೇಟ್ ಹಂತದಲ್ಲಿ ಬಿಟ್ಟರೆ ಬರೀ 2. ಆದರೆ ಒಂದು ಕೋಶ ಎರಡಾಗಲು ಶಕ್ತಿಯೊಂದೇ ಸಾಲದು, ಸಾಮಾನೂ ಬೇಕು. ಹೊಸ ಡಿಎನ್‌ಎ, ಹೊಸ ಪೊರೆ, ಹೊಸ ಪ್ರೋಟೀನ್. ಗ್ಲೂಕೋಸನ್ನು ಪೂರ್ತಿ ಉರಿಸಿದರೆ ಅದರ ಇಂಗಾಲವೆಲ್ಲ ಉಸಿರಿನಲ್ಲಿ ಹೊರಟುಹೋಗುತ್ತದೆ. ದಾರಿ ಮಧ್ಯದಲ್ಲೇ ಒಂದಿಷ್ಟು ಎತ್ತಿಕೊಂಡರೆ ಡಿಎನ್‌ಎ ಕಟ್ಟುವ ಸಕ್ಕರೆಯೂ ಆಗುತ್ತದೆ, ಪ್ರೋಟೀನ್ ಕಟ್ಟುವ ಕೆಲವು ಅಮೈನೋ ಆಮ್ಲಗಳೂ ಆಗುತ್ತವೆ. ನಮ್ಮ ಆರೋಗ್ಯವಂತ ಬಿಳಿ ರಕ್ತಕಣಗಳೂ ಸೋಂಕಿನ ವಿರುದ್ಧ ಬೇಗ ಬೇಗ ಹೆಚ್ಚಬೇಕಾದಾಗ ಇದನ್ನೇ ಮಾಡುತ್ತವೆ. ಕೆಲಸ ಮುಗಿದ ಮೇಲೆ ನಿಲ್ಲಿಸುತ್ತವೆ. ಲ್ಯುಕೇಮಿಯಾ ನಿಲ್ಲಿಸುವುದಿಲ್ಲ.

ಗ್ಲೂಕೋಸ್ ಒಂದೇ ಅಲ್ಲ. ಗ್ಲುಟಮಿನ್ ಎಂಬ ಅಮೈನೋ ಆಮ್ಲವನ್ನೂ ಇವು ಜಾಸ್ತಿ ಬಳಸುತ್ತವೆ. ಅಸ್ಥಿಮಜ್ಜೆಯ ಕೊಬ್ಬಿನ ಕೋಶಗಳಿಂದ ಕೊಬ್ಬಿನಾಮ್ಲವನ್ನೂ ಪಡೆಯುತ್ತವೆ. ಮಜ್ಜೆಯ ಪಕ್ಕದ ಕೋಶಗಳು ಸಣ್ಣ ಕೊಳವೆಗಳ ಮೂಲಕ ತಮ್ಮ ಮೈಟೋಕಾಂಡ್ರಿಯಾವನ್ನೇ ಎಎಂಎಲ್ ಕೋಶಗಳಿಗೆ ದಾಟಿಸುವುದನ್ನು ಪ್ರಯೋಗಾಲಯದಲ್ಲಿ ನೋಡಿದ್ದಾರೆ. ಮೊದಲ ಸಲ ಓದಿದಾಗ ನನಗೆ ನಂಬಲು ಕಷ್ಟವಾಗಿತ್ತು.

ಇನ್ನೊಂದು ಮಾತು. ಕಾಯಿಲೆ ಮರುಕಳಿಸುವುದಕ್ಕೆ ಮುಖ್ಯ ಕಾರಣ ಲ್ಯುಕೇಮಿಯಾದ ಕಾಂಡಕೋಶಗಳು, ಅಂದರೆ ಹೊಸ ಲ್ಯುಕೇಮಿಯಾ ಕೋಶಗಳನ್ನು ಹುಟ್ಟಿಸುವ ಮೂಲಕೋಶಗಳು. ಎಎಂಎಲ್‌ನಲ್ಲಿ ಇವುಗಳಲ್ಲಿ ಹೆಚ್ಚಿನವು ಸುಮ್ನೆ ಮಲಗಿರುವಂಥವು. ಇವು ನಂಬಿಕೊಂಡಿರುವುದು ಮೈಟೋಕಾಂಡ್ರಿಯಾವನ್ನು, ಅದಕ್ಕೆ ಅಮೈನೋ ಆಮ್ಲಗಳೇ ದೊಡ್ಡ ಇಂಧನ. ಅಂದರೆ ನಾವು ಹೆಚ್ಚು ಹೆದರಬೇಕಾದ ಕೋಶಗಳೇ ಸಕ್ಕರೆಯ ಮೇಲೆ ಅಷ್ಟಾಗಿ ನಿಂತಿಲ್ಲ! ವೆನೆಟೊಕ್ಲಾಕ್ಸ್ ಮತ್ತು ಅಜಾಸಿಟಿಡಿನ್ ಎಂಬ ಔಷಧಿಗಳ ಜೋಡಿ ಈ ಕೋಶಗಳ ಮೈಟೋಕಾಂಡ್ರಿಯಾದ ಕೆಲಸವನ್ನೇ ಕೆಡಿಸುತ್ತದೆ ಎಂದು ಸಂಶೋಧನೆ ತೋರಿಸಿದೆ. ಬಲವಾದ ಕೀಮೋ ತಡೆಯಲಾಗದ ರೋಗಿಗಳ ಮೇಲಿನ ದೊಡ್ಡ ಪರೀಕ್ಷೆಯ ಫಲಿತಾಂಶ 2020ರಲ್ಲಿ ಬಂತು. ಅಜಾಸಿಟಿಡಿನ್ ಮಾತ್ರ ಪಡೆದವರ ಮಧ್ಯಮ ಬದುಕುಳಿವು (ಅರ್ಧದಷ್ಟು ರೋಗಿಗಳು ದಾಟಿದ ಅವಧಿ) 9.6 ತಿಂಗಳು, ಜೋಡಿ ಪಡೆದವರದು 14.7 ತಿಂಗಳು. ಸಾಲದು, ನಿಜ. ಆದರೂ ಈ ರೋಗಿಗಳನ್ನು ನೋಡುವ ನಮಗೆ ಅದು ದೊಡ್ಡ ಹೆಜ್ಜೆ.

ಇನ್ನೊಬ್ಬ ಸದಸ್ಯೆ: ನನ್ನ ಮಗಳಿಗೆ ಎಎಲ್‌ಎಲ್, ಇನ್ನೊಂದು ಬಗೆಯ ಲ್ಯುಕೇಮಿಯಾ. ಆಸ್ಪರಾಜಿನೇಸ್ ಇಂಜೆಕ್ಷನ್ ಕೊಡುತ್ತಿದ್ದಾರೆ. ಇದೂ ಕೋಶಗಳನ್ನು ಉಪವಾಸ ಕೆಡವುವುದೇ ಅಲ್ವಾ?

ಉತ್ತರ: ಹೌದು! ಉಪವಾಸ ಕೆಡವಿ ಗೆದ್ದ ಅತ್ಯುತ್ತಮ ಉದಾಹರಣೆ ಇದೇ. 1953ರಲ್ಲಿ ಅಮೆರಿಕದ ಜಾನ್ ಕಿಡ್ ಗಿನಿಯಿಲಿಯ ಸೀರಮ್ ಕೊಟ್ಟಾಗ ಇಲಿಗಳ ಲಿಂಫೋಮಾ (ಬಿಳಿ ರಕ್ತಕಣಗಳ ಕ್ಯಾನ್ಸರ್ ಗಡ್ಡೆ) ಕರಗಿತು. ಅದರೊಳಗಿನ ಆಸ್ಪರಾಜಿನೇಸ್ ಕಿಣ್ವವೇ ಕಾರಣ ಎಂದು 1961ರಲ್ಲಿ ಜಾನ್ ಬ್ರೂಮ್ ತೋರಿಸಿದರು. ನಮ್ಮ ಹೆಚ್ಚಿನ ಕೋಶಗಳು ಆಸ್ಪರಾಜಿನ್ ಎಂಬ ಅಮೈನೋ ಆಮ್ಲವನ್ನು ತಾವೇ ಮಾಡಿಕೊಳ್ಳುತ್ತವೆ. ಎಎಲ್‌ಎಲ್ ಕೋಶಗಳಿಗೆ ಅದು ಸರಿಯಾಗಿ ಬಾರದು, ರಕ್ತದಿಂದ ಎತ್ತಿಕೊಳ್ಳಬೇಕು. ಈ ಇಂಜೆಕ್ಷನ್ ರಕ್ತದಲ್ಲೇ ಅದನ್ನು ಒಡೆದುಹಾಕುತ್ತದೆ. ಪಥ್ಯದಿಂದ ಈ ಕೆಲಸ ಆಗುವುದಿಲ್ಲ, ಯಾಕೆಂದರೆ ಊಟದಲ್ಲಿ ಇಲ್ಲದಿದ್ದರೂ ದೇಹವೇ ಆಸ್ಪರಾಜಿನ್ ತಯಾರಿಸಿ ರಕ್ತಕ್ಕೆ ಬಿಡುತ್ತದೆ.

ಮಗಳಿಗೆ ಜೋರು ಹೊಟ್ಟೆನೋವು, ವಾಂತಿ ಬಂದರೆ ತಡಮಾಡದೆ ಹೇಳಿ. ಈ ಔಷಧಿಯಿಂದ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಇದರಿಂದಲೂ, ಜೊತೆಗೆ ಕೊಡುವ ಸ್ಟೀರಾಯ್ಡ್‌ನಿಂದಲೂ ರಕ್ತದ ಸಕ್ಕರೆ ಏರಬಹುದು. ಆಗ ಸಿಹಿ ಮಿತಿ ಮಾಡಲು ಹೇಳಬಹುದು. ಅದು ಬೇರೆ ಕಾರಣಕ್ಕೆ, ರಕ್ತಪರೀಕ್ಷೆ ನೋಡಿ ಹೇಳುವ ಮಾತು.

ಮೊದಲು ಕೇಳಿದವರು: ಕೊನೆಯದೊಂದು. ನಿಶ್ಶಕ್ತಿಗೆ ವಿಟಮಿನ್ ಮಾತ್ರೆ ಕೊಡಬಹುದಾ?

ಉತ್ತರ: ಕೇಳದೆ ಕೊಡಬೇಡಿ, ಅದರಲ್ಲೂ ಫೋಲಿಕ್ ಆಸಿಡ್. ಬೆಳೆಯುವ ಕೋಶ ಡಿಎನ್‌ಎ ಕಟ್ಟಲು ಬಳಸುವುದು ಅದನ್ನೇ. 1940ರ ದಶಕದಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಲ್ಯುಕೇಮಿಯಾ ಇದ್ದ ಮಕ್ಕಳಿಗೆ ಫೋಲಿಕ್ ಆಸಿಡ್‌ನಂಥದ್ದನ್ನು ಕೊಟ್ಟಾಗ ಕಾಯಿಲೆ ಜೋರಾದಂತೆ ಕಂಡಿತು. ಆಮೇಲೆ ಫೋಲಿಕ್ ಆಸಿಡ್‌ನ ಕೆಲಸ ತಡೆಯುವ ಅಮಿನಾಪ್ಟೆರಿನ್ ಎಂಬ ಔಷಧಿ ಕೊಟ್ಟು ನೋಡಿದರು. 1948ರ ವರದಿಯಲ್ಲಿ 16 ಮಕ್ಕಳಲ್ಲಿ 10 ಮಂದಿ ತಾತ್ಕಾಲಿಕವಾಗಿ ಚೇತರಿಸಿಕೊಂಡಿದ್ದರು. ಇವತ್ತು ಎಎಲ್‌ಎಲ್‌ಗೆ ಕೊಡುವ ಮೆಥೊಟ್ರೆಕ್ಸೇಟ್ ಅದೇ ಕುಟುಂಬದ್ದು. ಮಾತ್ರೆಯ ಹೆಸರನ್ನು ನಾಳೆ ನಿಮ್ಮ ವೈದ್ಯರಿಗೆ ತೋರಿಸಿ, ಅಲ್ಲಿಯವರೆಗೆ ಕಾಯಿರಿ. ಇವತ್ತು ತಮ್ಮನಿಗೆ ಚೆನ್ನಾಗಿ ಬೇಯಿಸಿದ, ಅವನಿಗೆ ಸೇರುವ ಊಟ ಕೊಡಿ. ಒಂದೇ ಸಲ ಜಾಸ್ತಿ ಬೇಡ, ಸ್ವಲ್ಪ ಸ್ವಲ್ಪವೇ ಕೊಡಿ. ಜೊತೆಗೆ ಏನಾದರೂ ಸಿಹಿ ಕೇಳಿದರೆ ಅದನ್ನೂ ಕೊಡಿ.