ಬೆಳಿಗ್ಗೆ ಡೆಸ್ಕ್‌ಟಾಪ್ ಐದಾರು ಸಲಕ್ಕೆ ಆನ್ ಆಗುತ್ತೆ, ಆಮೇಲೆ ದಿನವಿಡೀ ಸರಿ. ದೋಷ ಎಲ್ಲಿ?

ಮಲೆನಾಡಿಗ:
ನಮಸ್ಕಾರ. ಸಾಗರದಲ್ಲಿರುವ ಮನೆ ಕಂಪ್ಯೂಟರ್. ಐ5-9400ಎಫ್ ಪ್ರೊಸೆಸರ್, ಎಚ್310 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್, 450 ವ್ಯಾಟ್ ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ಕರೆಂಟ್ ಕೊಡುವ ಡಬ್ಬಿ). ಎಲ್ಲವೂ 2019ರಲ್ಲಿ ತಗೊಂಡಿದ್ದು.

ಮಳೆ ಹಿಡಿದಾಗಿನಿಂದ ಬೆಳಿಗ್ಗೆ ಬಟನ್ ಒತ್ತಿದರೆ ಫ್ಯಾನ್ ಎರಡು ಸೆಕೆಂಡ್ ತಿರುಗಿ ನಿಲ್ಲುತ್ತೆ, ತಾನಾಗಿಯೇ ಮತ್ತೆ ತಿರುಗುತ್ತೆ, ಮತ್ತೆ ನಿಲ್ಲುತ್ತೆ. ಮಾನಿಟರ್‌ನಲ್ಲಿ ಏನೂ ಬರಲ್ಲ, ಬೀಪ್ ಕೂಡ ಇಲ್ಲ. ಐದಾರು ಸಲ ಹೀಗಾಗಿ ಒಮ್ಮೆ ಹಿಡಿದುಕೊಂಡರೆ ರಾತ್ರಿವರೆಗೂ ತೊಂದರೆ ಇಲ್ಲ, ಮಧ್ಯಾಹ್ನ ಆಫ್ ಮಾಡಿ ಆನ್ ಮಾಡಿದರೂ ಬರುತ್ತೆ. ಆನ್ ಆದಾಗ ತಾರೀಕು ಮಾತ್ರ ಹಿಂದಕ್ಕೆ ಹೋಗಿರುತ್ತೆ. ರಾತ್ರಿ ಗೋಡೆ ಸ್ವಿಚ್ ಆಫ್ ಮಾಡುವ ರೂಢಿ. ರ‍್ಯಾಮ್ ತೆಗೆದು ಕಾಲುಗಳನ್ನು ರಬ್ಬರಿನಿಂದ ಉಜ್ಜಿ ಹಾಕಿದ್ದೂ ಆಯಿತು. ಅಂಗಡಿಯವರು ಬೋರ್ಡೇ ಬದಲಾಯಿಸಿ ಅಂತಾರೆ. ಅಲ್ಲಿಗೆ ಒಯ್ದರೆ ಮೊದಲ ಸಲಕ್ಕೇ ಆನ್ ಆಗುತ್ತೆ.

ಬೆಸುಗೆ:
ಬೋರ್ಡಿಗೆ ಈಗಲೇ ದುಡ್ಡು ಹಾಕಬೇಡಿ ಸರ್. ಇಲ್ಲಿ ಎರಡು ದೋಷ ಒಂದರ ಮೇಲೊಂದು ಕೂತಿರುವ ಹಾಗಿದೆ.

ತಾರೀಕು ಹಿಂದಕ್ಕೆ ಹೋಗೋದು ಬೋರ್ಡ್ ಮೇಲಿನ ಬಿಲ್ಲೆ ಸೆಲ್ಲಿನಿಂದ, ಅಂದರೆ ಸಿಆರ್2032. ಗೋಡೆ ಸ್ವಿಚ್ ಆನ್ ಇದ್ದರೆ ಗಡಿಯಾರಕ್ಕೆ ಬೇಕಾದ ಕರೆಂಟನ್ನು ಎಸ್‌ಎಂಪಿಎಸ್‌ನ ಸ್ಟ್ಯಾಂಡ್‌ಬೈ 5 ವೋಲ್ಟ್ ಲೈನ್ ಕೊಡುತ್ತೆ. ನೀವು ದಿನಾ ರಾತ್ರಿ ಸ್ವಿಚ್ ತೆಗೆಯುವುದರಿಂದ ಆ ಹೊರೆಯೆಲ್ಲ ಸೆಲ್ಲಿನ ಮೇಲೆ. ಹೊಸ ಸೆಲ್ 3 ವೋಲ್ಟ್‌ಗೆ ಸ್ವಲ್ಪ ಮೇಲೆ ತೋರಿಸುತ್ತೆ, 2.7ಕ್ಕಿಂತ ಇಳಿದಿದ್ದರೆ ಬದಲಾಯಿಸಿ. ಪ್ಲಸ್ ಗುರುತು ಮೇಲಕ್ಕೆ ಬರಬೇಕು. ತೆಗೆಯುವ ಮೊದಲು, ಆನ್ ಆಗಿರುವಾಗಲೇ ಬಯಾಸ್‌ಗೆ (ಬೋರ್ಡಿನ ಸೆಟ್ಟಿಂಗ್ ಪರದೆಗೆ) ಹೋಗಿ ಬೂಟ್ ಮೋಡ್, ಸಾಟಾ ಮೋಡ್ (ಡಿಸ್ಕ್ ಜೋಡಣೆಯ ಸೆಟ್ಟಿಂಗ್) ಎರಡನ್ನೂ ಮೊಬೈಲಲ್ಲಿ ಫೋಟೋ ತೆಗೆದುಕೊಳ್ಳಿ. ಸೆಟ್ಟಿಂಗ್ ಅಳಿಸಿಹೋಗಿ ಅವು ಬದಲಾದರೆ ವಿಂಡೋಸ್ ಬೂಟ್ ಆಗಲ್ಲ, ಆಗ ಹಾರ್ಡ್‌ಡಿಸ್ಕ್ ಹೋಯಿತು ಅಂತ ಗಾಬರಿ ಬೀಳ್ತೀರಿ.

ಸೆಲ್ ಸತ್ತಿದ್ದರೆ ಬೋರ್ಡ್ ರ‍್ಯಾಮ್‌ನ ಟೈಮಿಂಗ್ ಮರೆತು ಹೊಸದಾಗಿ ಹುಡುಕುತ್ತೆ. ಆಗ ಒಂದೆರಡು ಸಲ ಆಫ್ ಆಗಿ ಆನ್ ಆಗೋದು ಸಹಜ. ಐದಾರು ಸಲ ಸಹಜ ಅಲ್ಲ.

ಹಳದಿ ತಂತಿ:
ಸೆಲ್ ಬಗ್ಗೆ ಒಪ್ಪಿದೆ. ಆದರೆ ‘ತಣ್ಣಗಿದ್ದಾಗ ಏಳಲ್ಲ, ಬಿಸಿಯಾದರೆ ಏಳುತ್ತೆ’ ಅಂದರೆ ಮೊದಲ ಅನುಮಾನ ಎಸ್‌ಎಂಪಿಎಸ್ ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಮೇಲೆ. ವರ್ಷ ಕಳೆದಂತೆ ಅದರೊಳಗಿನ ದ್ರವ ಒಣಗಿ ಒಳಪ್ರತಿರೋಧ ಏರುತ್ತೆ. ತಣ್ಣಗಿದ್ದಾಗ ಇನ್ನೂ ಏರುತ್ತೆ. ಬಟನ್ ಒತ್ತಿದ ಕ್ಷಣ ಪ್ರೊಸೆಸರ್, ಕಾರ್ಡ್, ಫ್ಯಾನ್ ಎಲ್ಲ ಒಟ್ಟಿಗೆ ಎಳೆದಾಗ ವೋಲ್ಟೇಜ್ ಕುಸಿಯುತ್ತೆ, ಬೋರ್ಡ್ ಆಫ್ ಆಗುತ್ತೆ. ಪ್ರತಿ ಪ್ರಯತ್ನದಲ್ಲೂ ಕೆಪಾಸಿಟರ್ ಸ್ವಲ್ಪ ಸ್ವಲ್ಪ ಬೆಚ್ಚಗಾಗಿ ಆರನೇ ಸಲಕ್ಕೆ ಹಿಡಿಯುತ್ತೆ. ಅಂಗಡಿಗೆ ಹೋಗುವಷ್ಟರಲ್ಲಿ ಹೊತ್ತೇರಿ ಬಿಸಿಲು ಬಂದಿರುತ್ತೆ, ಅದಕ್ಕೇ ಅಲ್ಲಿ ಸರಿ.

ಅಳೆದು ನೋಡಿ. 24 ಪಿನ್ ಕನೆಕ್ಟರ್ ಬೋರ್ಡಿಗೆ ಚುಚ್ಚಿದ್ದು ಹಾಗೇ ಇರಲಿ. ತಂತಿಗಳು ಒಳಗೆ ಹೋಗುವ ಹಿಂಬದಿಯಿಂದ ಮಲ್ಟಿಮೀಟರ್‌ನ ಕೆಂಪು ಮೊನೆ ಇಳಿಸಿ, ಕಪ್ಪು ಮೊನೆಯನ್ನು ಯಾವುದಾದರೂ ಕಪ್ಪು ತಂತಿಗೆ. ಒಂದೇ ಸಾಲಿನಲ್ಲಿ ಬೂದು, ಪಕ್ಕದಲ್ಲಿ ನೇರಳೆ, ಅದರ ಪಕ್ಕ ಹಳದಿ ಸಿಗುತ್ತೆ. ಮೊನೆ ಜಾರಿ ಎರಡು ಪಿನ್ ಮುಟ್ಟದಂತೆ ಕೈ ಗಟ್ಟಿ ಇರಲಿ. ನೇರಳೆ ಸ್ಟ್ಯಾಂಡ್‌ಬೈ: ಕಂಪ್ಯೂಟರ್ ಆಫ್ ಇದ್ದರೂ 4.75ರಿಂದ 5.25. ಹಳದಿ 11.4ರಿಂದ 12.6. ಬೂದು ‘ಪವರ್ ಗುಡ್’: ಲೈನ್‌ಗಳೆಲ್ಲ ಸರಿಯಾದ ಮೇಲೆ ಅರ್ಧ ಸೆಕೆಂಡಿನೊಳಗೆ 5ರ ಹತ್ತಿರಕ್ಕೆ ಏರಬೇಕು. ಅದು ಏರದಿದ್ದರೆ ಪ್ರೊಸೆಸರ್ ಕೆಲಸವನ್ನೇ ಶುರು ಮಾಡಲ್ಲ, ಹಾಗಾಗಿ ಬೀಪ್ ಕೂಡ ಬರಲ್ಲ.

ಅಳೆಯಬೇಕಾದ್ದು ಬೆಳಿಗ್ಗೆ, ಮೊದಲ ಸಲ ಒತ್ತುವಾಗ. ಮಧ್ಯಾಹ್ನ ಅಳೆದರೆ ಎಲ್ಲ ಸರಿಯಾಗೇ ಕಾಣುತ್ತೆ. ಹಸಿರು–ಕಪ್ಪು ತಂತಿಗೆ ಪಿನ್ ಸಿಕ್ಕಿಸಿ ಫ್ಯಾನ್ ತಿರುಗಿಸುವ ಪರೀಕ್ಷೆಯನ್ನು ನಂಬಬೇಡಿ, ಹೊರೆ ಇಲ್ಲದೆ ಕೆಟ್ಟ ಎಸ್‌ಎಂಪಿಎಸ್ ಕೂಡ ಪಾಸಾಗುತ್ತೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 320 ವೋಲ್ಟ್ ಆಸುಪಾಸು ಇರುತ್ತೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತೆ.

ಕಲ್ಪವೃಕ್ಷ:
ಯಾರಾದರೂ ಕಾರ್ಡ್ ತೆಗೆದು ನೋಡಿ ಅಂದರೆ ನೆನಪಿಡಿ: 9400ಎಫ್‌ನ ‘ಎಫ್’ ಅಂದರೆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಇಲ್ಲದೆ ಚಿತ್ರ ಬರೋದೇ ಇಲ್ಲ. ಬದಲಿಗೆ ಒಂದೇ ರ‍್ಯಾಮ್ ಇಟ್ಟು ಒಂದು ಬೆಳಿಗ್ಗೆ, ಇನ್ನೊಂದನ್ನಿಟ್ಟು ಮರುದಿನ ನೋಡಿ. ಎರಡರಲ್ಲೂ ಹೀಗೇ ಆದರೆ ರ‍್ಯಾಮ್ ಮೇಲಿನ ಅನುಮಾನ ಬಿಡಬಹುದು.

ಮಲೆನಾಡಿಗ:
ಅಳೆದೆ. ಸೆಲ್ 2.38. ನೇರಳೆ 5.04. ಬೆಳಿಗ್ಗೆ ಆರೂವರೆಗೆ ಮೊದಲ ಸಲ ಒತ್ತಿದಾಗ ಹಳದಿ 11ರ ಕೆಳಗೇ ಉಳಿಯಿತು, ಬೂದು 0.2 ಬಿಟ್ಟು ಏರಲೇ ಇಲ್ಲ. ಆರನೇ ಸಲಕ್ಕೆ ಹಳದಿ 11.94, ಬೂದು 4.9, ಕಂಪ್ಯೂಟರ್ ಆನ್. ಎರಡು ಬೆಳಿಗ್ಗೆ ಒಂದೊಂದೇ ರ‍್ಯಾಮ್ ಇಟ್ಟರೂ ಹೀಗೇ. ಸೆಲ್ ಬದಲಾಯಿಸಿದೆ, ತಾರೀಕು ಈಗ ನಿಲ್ಲುತ್ತೆ, ಆದರೆ ಆನ್ ಆಫ್ ಆಟ ನಿಂತಿಲ್ಲ. ಬೇರೆ ಸಿಸ್ಟಮ್‌ನ ಎಸ್‌ಎಂಪಿಎಸ್ ಜೋಡಿಸಿದರೆ ಬೆಳಿಗ್ಗೆಯೂ ಒಂದೇ ಸಲಕ್ಕೆ ಆನ್. ಹೊಸದು ಎಷ್ಟು ವ್ಯಾಟ್‌ದು ತಗೊಳ್ಳಲಿ? ಇನ್ನೊಂದು, ಕ್ಯಾಬಿನೆಟ್ ಮುಟ್ಟಿದರೆ ಆಗಾಗ ಕೈ ಜುಮ್ ಅನ್ನುತ್ತೆ.

ಹಳದಿ ತಂತಿ:
ಬೋರ್ಡ್ ಉಳಿಯಿತು. 450 ವ್ಯಾಟ್ ಧಾರಾಳ ಸಾಕು: ಪ್ರೊಸೆಸರ್ 65, ಕಾರ್ಡ್ 75 ವ್ಯಾಟ್, ಉಳಿದದ್ದೆಲ್ಲ ಸೇರಿಸಿದರೂ ಅರ್ಧ ದಾಟುವುದು ಕಷ್ಟ. ಡಬ್ಬಿ ಮೇಲೆ ದಪ್ಪಕ್ಷರದಲ್ಲಿರುವ ವ್ಯಾಟ್ ನೋಡಬೇಡಿ, ಪಕ್ಕದ ಚೀಟಿಯಲ್ಲಿ 12 ವೋಲ್ಟ್ ಸಾಲಿನ ಮುಂದೆ ಎಷ್ಟು ಆಂಪಿಯರ್ ಅಂತ ನೋಡಿ. 30ಕ್ಕಿಂತ ಹೆಚ್ಚಿರಲಿ. 450 ಅಂತ ಬರೆದು 12 ವೋಲ್ಟ್‌ನಲ್ಲಿ 16–18 ಆಂಪಿಯರ್ ಮಾತ್ರ ಕೊಡುವ ಅಗ್ಗದ ಮಾಲು ಬೇಡ. 80 ಪ್ಲಸ್ ಬ್ರಾಂಜ್ ಗುರುತಿನದು (ಕರೆಂಟ್ ಕಡಿಮೆ ಪೋಲು ಮಾಡುತ್ತೆ ಅನ್ನೋ ಪ್ರಮಾಣಪತ್ರ) ತಗೊಳ್ಳಿ. ಕೇಬಲ್ ಕಳಚಿ ಹಾಕುವ ಮಾದರಿಯಾದರೆ ಬೇರೆ ಎಸ್‌ಎಂಪಿಎಸ್‌ನ ಕೇಬಲ್ ಇದಕ್ಕೆ ಚುಚ್ಚಬೇಡಿ. ಕನೆಕ್ಟರ್ ಕೂತರೂ ಒಳಗಿನ ತಂತಿ ಕ್ರಮ ಬೇರೆ ಇರಬಹುದು, ಡಿಸ್ಕ್ ಸುಟ್ಟುಹೋಗುತ್ತೆ.

ಕೈ ಜುಮ್ ಅನ್ನೋದು ಅರ್ತಿಂಗ್ ಇಲ್ಲದ್ದಕ್ಕೆ, ಹೊಸ ಎಸ್‌ಎಂಪಿಎಸ್ ಹಾಕಿದರೂ ಹೋಗಲ್ಲ. ಎಲೆಕ್ಟ್ರಿಷಿಯನ್‌ನಿಂದ ಆ ಸಾಕೆಟ್ ಅಳೆಸಿ: ಫೇಸ್–ಅರ್ತ್ ನಡುವೆ 230ರ ಆಸುಪಾಸು, ನ್ಯೂಟ್ರಲ್–ಅರ್ತ್ ನಡುವೆ ಒಂದೆರಡು ವೋಲ್ಟ್ ಬರಬೇಕು. ಹಾಗೆ ಬರದಿದ್ದರೆ ಹೊಸದನ್ನು ಸಿಕ್ಕಿಸುವ ಮೊದಲೇ ಅರ್ತ್ ತಂತಿ ಸರಿ ಮಾಡಿಸಿ.